ವರ್ಷಕ್ಕೆ 52

(ಉಡುಪಿಯ ಸರ್ವಿಸ್ ಬಸ್‌ಸ್ಟ್ಯಾಂಡ್. ಕಾರ್ಕಳ ಬಸ್ಸಿಗೆ ಕಾಯುತ್ತಾ ಕಾಪುವಿನ ಶೆಟ್ರು, ನಿವೃತ್ತ ಮಾಷ್ಟ್ರು.)

ಶೆಟ್ರು: ಓದಿನ ಚಾಲೆಂಜಲ್ಲಿ 52 ಪುಸ್ತಕ ಮುಗಿಸಿದೆ ಮಾಷ್ಟ್ರೇ!

ಮಾಷ್ಟ್ರು: ಭಾರೀ ಆಯ್ತು. ಕಾರಂತರದ್ದು?

ಶೆಟ್ರು: ‘ಮೂಕಜ್ಜಿಯ ಕನಸುಗಳು’. ತೆಳ್ಳಗೂ ಉಂಟು, 1977ರ ಜ್ಞಾನಪೀಠವೂ ಉಂಟು. ‘ಮರಳಿ ಮಣ್ಣಿಗೆ’ ಮೂರು ತಲೆಮಾರಿನ ಕಥೆ, ಯಾರಿಗುಂಟು ಪುರುಸೊತ್ತು?

ಮಾಷ್ಟ್ರು: ರತ್ನಾಕರವರ್ಣಿಯ ‘ಭರತೇಶ ವೈಭವ’?

ಶೆಟ್ರು: ಸುಮಾರು 10,000 ಪದ್ಯ ಓದಿದರೂ ಲೆಕ್ಕಕ್ಕೆ ಒಂದೇ. ನಷ್ಟದ ವ್ಯಾಪಾರ ಮಾರಾಯ್ರೆ!

ಮಾಷ್ಟ್ರು: ನಂದಳಿಕೆಯ ಮುದ್ದಣ?

ಶೆಟ್ರು: ಮನೋರಮೆಯ ಮಾತುಕತೆ ಮಾತ್ರ ಓದಿ, ಇಡೀ ‘ರಾಮಾಶ್ವಮೇಧ’ಕ್ಕೆ ಟಿಕ್ ಹಾಕಿದೆ.

ಮಾಷ್ಟ್ರು: ವೈದೇಹಿ?

ಶೆಟ್ರು: ಅದೇ ಪಚೀತಿ! ಒಂದು ಕಥೆ ಮುಗಿಸಿದರೆ ಮುಂದಿನ ಪುಟಕ್ಕೆ ಹೋಗ್ಲಿಕ್ಕೇ ಬಿಡುವುದಿಲ್ಲ, ಕೂತು ಯೋಚಿಸುವಂತೆ ಮಾಡ್ತದೆ. ವಾರವೇ ಹೋಯ್ತು. ಅಂಥ ಪುಸ್ತಕ ಚಾಲೆಂಜಿಗೆ ಆಗ್ಲಿಕ್ಕಿಲ್ಲ.

ಮಾಷ್ಟ್ರು: ಹಾಗಾದ್ರೆ ನೀವು ಓದಿದ್ದು 52 ಅಲ್ಲ ಶೆಟ್ರೇ, ಒಂದು.