ಕದ್ದ ಆಟದಲ್ಲಿ ದಿವಾಳಿಯಾದವರಿಗೆ ಒಂದು ಬಹಿರಂಗ ಪತ್ರ



2013ರ ಏಪ್ರಿಲ್ ಕೊನೆಯಲ್ಲಿ ‘ಗೇಮ್ ಡೆವ್ ಟೈಕೂನ್’ ಎಂಬ ಕಂಪ್ಯೂಟರ್ ಆಟವನ್ನು ಕಾಸು ಕೊಡದೆ, ಕಡತ ಹಂಚಿಕೊಳ್ಳುವ ಟೊರೆಂಟ್ ಜಾಲದಿಂದ ಇಳಿಸಿಕೊಂಡವರು ನೀವು. ಗೇಮ್ ತಯಾರಿಸುವ ಕಂಪನಿಯೊಂದನ್ನು ಕಟ್ಟಿ ನಡೆಸುವುದೇ ಆ ಆಟ. ಮೊದಲ ಕೆಲವು ಗಂಟೆ ನಿಮಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಎಂಥ ಒಳ್ಳೆಯ ಗೇಮ್ ಮಾಡಿದರೂ ದುಡ್ಡು ಹುಟ್ಟಲಿಲ್ಲ. ಜನ ನಿಮ್ಮ ಗೇಮನ್ನು ಕೊಳ್ಳದೆ ಕಳ್ಳಪ್ರತಿ ಇಳಿಸಿಕೊಂಡು ಆಡುತ್ತಿದ್ದಾರೆ, ಹೀಗೇ ಆದರೆ ಕಂಪನಿ ಮುಳುಗುತ್ತದೆ ಎಂಬ ಸಂದೇಶ ಪರದೆಯ ಮೇಲೆ ಬಂತು. ಕೊನೆಗೆ ಮುಳುಗಿಯೇ ಹೋಯಿತು. ನಿಮ್ಮಲ್ಲಿ ಕೆಲವರು ಸಿಟ್ಟಾಗಿ, ಜನ ಯಾಕೆ ಹೀಗೆ ಕದಿಯುತ್ತಾರೆ, ಇದನ್ನು ತಡೆಯಲು ಆಟದೊಳಗೆ ಏನೂ ದಾರಿಯಿಲ್ಲವೇ ಎಂದು ಎಲ್ಲರೆದುರೇ ಕೇಳಿದಿರಿ.

ಆ ಸಿಟ್ಟು ನ್ಯಾಯವಾದದ್ದು. ಅದನ್ನು ನೀವು ಬಿಡಬಾರದು ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ.

ನಿಮ್ಮ ಕೈಗೆ ಬಂದ ಪ್ರತಿಯನ್ನು ಟೊರೆಂಟ್‌ಗೆ ಹಾಕಿದವರು ಆಟ ಮಾಡಿದವರೇ. ಗ್ರೀನ್‌ಹಾರ್ಟ್ ಗೇಮ್ಸ್ ಎಂಬ ಪುಟ್ಟ ಕಂಪನಿಯ ಪ್ಯಾಟ್ರಿಕ್ ಮತ್ತು ಡೇನಿಯಲ್ ಕ್ಲುಗ್ ಎಂಬ ಅಣ್ಣತಮ್ಮಂದಿರು. ವರ್ಷಕ್ಕೂ ಮಿಕ್ಕಿ ದುಡಿದಿದ್ದರು, ಸಂಬಳ ಅಂತ ಒಂದು ಕಾಸೂ ತೆಗೆದುಕೊಂಡಿರಲಿಲ್ಲ. ಆಟದ ಬೆಲೆ ಆಗ ಎಂಟು ಡಾಲರ್‌ಗೂ ಒಂದು ಸೆಂಟ್ ಕಡಿಮೆಯಿತ್ತು. ಮಾರಾಟಕ್ಕಿಟ್ಟ ದಿನವೇ ಯಾರಾದರೂ ಕಳ್ಳಪ್ರತಿ ಹರಿಬಿಡುತ್ತಾರೆ ಎಂದು ಗೊತ್ತಿದ್ದರಿಂದ, ಆ ಕೆಲಸವನ್ನು ತಾವೇ ಮಾಡಿದರು. ಅಸಲಿಗೂ ಆ ಕಳ್ಳಪ್ರತಿಗೂ ಇದ್ದ ವ್ಯತ್ಯಾಸ ಒಂದೇ: ಆ ಪ್ರತಿಯಲ್ಲಿ ಆಡುವವರ ಕಂಪನಿ ಕಳ್ಳಪ್ರತಿಗಳಿಂದಲೇ ಹಾಳಾಗುತ್ತದೆ. ಮೊದಲ ದಿನ ಅವರ ಲೆಕ್ಕಕ್ಕೆ ಸಿಕ್ಕ ಆಟಗಾರರು 3,318. ಅದರಲ್ಲಿ ದುಡ್ಡು ಕೊಟ್ಟವರು 214. ಉಳಿದ 3,104 ಮಂದಿ ನೀವು.

ನಿಮ್ಮ ನೋವು ಎಷ್ಟು ನಿಜವಾಗಿತ್ತು ಎನ್ನುವುದು ಆ ಆಟ ಆಡಿದವರಿಗೆ ಗೊತ್ತು. 1980ರ ದಶಕ, ಮನೆಯ ಗ್ಯಾರೇಜು, ಒಂದು ಮೇಜು, ಒಂದು ಕಂಪ್ಯೂಟರ್, ಕೈಯಲ್ಲಿ ಎಪ್ಪತ್ತು ಸಾವಿರ. ಆ ಕಾಲದ ಕಂಪ್ಯೂಟರ್ ಕಮಡೋರ್ 64ರ ಹೆಸರು ತಿರುಚಿದ ‘ಗೊವೊಡೋರ್ ಜಿ64’ ಎಂಬ ಯಂತ್ರಕ್ಕೆ ಮೊದಲ ಗೇಮ್. ವಿಷಯ ಯಾವುದು, ಬಗೆ ಯಾವುದು ಎಂದು ಆರಿಸಿಕೊಂಡು, ಕಥೆಗೆ ಎಷ್ಟು ಹೊತ್ತು, ಚಿತ್ರಕ್ಕೆ ಎಷ್ಟು, ಸದ್ದಿಗೆ ಎಷ್ಟು ಎಂದು ಹಂಚಬೇಕು. ಕೂತು ದುಡಿಯುವ ಆ ಪುಟ್ಟ ಮನುಷ್ಯನ ತಲೆಯಿಂದ ಬಣ್ಣದ ಗುಳ್ಳೆಗಳು ಒಂದೊಂದಾಗಿ ಮೇಲೇಳುತ್ತವೆ. ಗೇಮ್ ಮುಗಿಸಿ ಹೊರಬಿಟ್ಟ ಮೇಲೆ ನಾಲ್ವರು ವಿಮರ್ಶಕರ ಅಂಕ ಬರಬೇಕು. ಮೊದಲನೆಯದು ಎಂಟು, ಎರಡನೆಯದು ಒಂಬತ್ತು, ಮೂರನೆಯದಕ್ಕೆ ಉಸಿರು ಬಿಗಿಹಿಡಿದು ಕಾಯುತ್ತೇವೆ. ಆಮೇಲೆ ವಾರವಾರದ ಮಾರಾಟದ ಗೆರೆ ಏರುತ್ತದೆ. ಅದು ಇಳಿಯುವ ಹೊತ್ತಿಗೆ ಮುಂದಿನ ಗೇಮ್ ಸಿದ್ಧವಿಲ್ಲದಿದ್ದರೆ ತಿಂಗಳ ಖರ್ಚೇ ಕೈಯಲ್ಲಿದ್ದದ್ದನ್ನು ತಿಂದುಹಾಕುತ್ತದೆ. ಹೀಗೆ ಕಟ್ಟಿದ ಕಂಪನಿ ತನ್ನ ತಪ್ಪಿಲ್ಲದೆ ಮುಳುಗಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ನಿಜವಾದ ಸ್ಟುಡಿಯೋ ನಡೆಸುವುದು ಇನ್ನೂ ಕಷ್ಟ. ಆಟದಲ್ಲಿ ನೌಕರ ದಣಿದರೆ ರಜೆಯ ಮೇಲೆ ಕಳಿಸಿದರಾಯಿತು, ಹೊಸ ಹುರುಪಿನಿಂದ ವಾಪಸು ಬರುತ್ತಾನೆ. ಅವನಿಗೆ ಮನೆ ಬಾಡಿಗೆಯಿಲ್ಲ, ಮಕ್ಕಳ ಫೀಸಿಲ್ಲ. ದಿವಾಳಿಯಾದ ನೀವು ಮತ್ತೆ ಗ್ಯಾರೇಜಿನಿಂದ ಶುರುಮಾಡಬಹುದು. ಸಂಬಳವಿಲ್ಲದೆ ಒಂದು ವರ್ಷ ಕಳೆದವರಿಗೆ ಆ ವರ್ಷ ತಿರುಗಿ ಬರುವುದಿಲ್ಲ.

ನಿಮ್ಮ ಪರವಾಗಿಯೂ ಹೇಳಬೇಕಾದದ್ದಿದೆ. ಕದ್ದು ಆಡಿದವರೆಲ್ಲ ಕೊಳ್ಳುತ್ತಿದ್ದರು ಎಂದು ನಾನು ವಾದಿಸುವುದಿಲ್ಲ. ಆದರೆ ಆ 3,104 ಮಂದಿಯಲ್ಲಿ ಹತ್ತಕ್ಕೊಬ್ಬರು ಕೊಂಡಿದ್ದರೂ ಮೊದಲ ದಿನದ ಮಾರಾಟ ಎರಡು ಪಟ್ಟಿಗೂ ಮೀರುತ್ತಿತ್ತು. ಕೊಳ್ಳುವ ಶಕ್ತಿಯಿಲ್ಲದವರು, ದುಡ್ಡು ಕಟ್ಟುವ ದಾರಿಯೇ ಇಲ್ಲದವರು ಇದ್ದಾರೆ, ಅವರ ಮೇಲೆ ನನಗೆ ಆಕ್ಷೇಪವಿಲ್ಲ ಎಂದು ಪ್ಯಾಟ್ರಿಕ್ ಕ್ಲುಗ್ ಅವರೇ ಬರೆದಿದ್ದಾರೆ. ನಮ್ಮಲ್ಲಿ ಆಗ ಅಂಥವರೇ ಹೆಚ್ಚು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ಭಾರತದವರಿಗೆ ರೂಪಾಯಿಯಲ್ಲಿ ಬೆಲೆ ತೋರಿಸಲು ಶುರುಮಾಡಿದ್ದು 2015ರ ನವೆಂಬರ್‌ನಲ್ಲಿ. ಡಾಲರ್ ಕಾರ್ಡ್ ಇಲ್ಲದ ಹುಡುಗ ನಕಲು ಸೀಡಿ ತಂದು ಆಡಿದ್ದನ್ನು ನಾನು ದೊಡ್ಡ ಅಪರಾಧವೆಂದು ಹೇಳಲಾರೆ. ಅದೇ ಹುಡುಗ ಇಂದು ಕೈತುಂಬ ಸಂಬಳ ತರುತ್ತಿದ್ದು, ಒಂದೂಟದ ಬೆಲೆಯ ಆಟವನ್ನು ಈಗಲೂ ಪುಕ್ಕಟೆ ಹುಡುಕುತ್ತಿದ್ದರೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕಳ್ಳತನ ತಡೆಯುವ ಉಪಾಯ ಆಟದೊಳಗೆ ಬೇಕೆಂದು ಕೇಳಿದಿರಲ್ಲ, ಹೊರಗೆ ಅದು ಹೇಗಿರುತ್ತದೆ ನೋಡಿ. 2013ರ ಮಾರ್ಚ್‌ನಲ್ಲಿ ‘ಸಿಮ್ ಸಿಟಿ’ ಎಂಬ ಆಟ ಬಂತು. ಸದಾ ಇಂಟರ್‌ನೆಟ್‌ಗೆ ಅಂಟಿಕೊಂಡೇ ಆಡಬೇಕೆಂಬ ಷರತ್ತು. ಸರ್ವರ್‌ಗಳು ಭಾರ ತಾಳದೆ ಕೈಕೊಟ್ಟವು, ಪೂರ್ತಿ ಬೆಲೆ ತೆತ್ತವರು ಒಳಗೆ ಹೋಗಲಾಗದೆ ಹೊರಗೇ ನಿಂತರು. ಕದಿಯುವವರಿಗಾಗಿ ಹಾಕಿದ ಬೀಗದಲ್ಲಿ ಯಾವಾಗಲೂ ಸಿಕ್ಕಿಬೀಳುವವನು ಕೊಂಡವನೇ. ಕ್ಲುಗ್ ಸೋದರರು ಬೀಗ ಹಾಕಲಿಲ್ಲ. ಅಸಲಿ ಪ್ರತಿಗೆ ಯಾವ ರಕ್ಷಣೆಯೂ ಇರಲಿಲ್ಲ. ಗಿರಾಕಿಯನ್ನು ನಂಬಿ ಮಾರಿದವರು ಅವರು, ಆ ನಂಬಿಕೆಗೆ ಮೊದಲ ದಿನ ಸಿಕ್ಕಿದ್ದು 214 ಮಂದಿ.

ಇದು ದೂರದ ದೇಶದ ಕಥೆ ಮಾತ್ರವಲ್ಲ. ಬೆಂಗಳೂರಿನಲ್ಲಿ 1997ರಲ್ಲೇ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಶುರುಮಾಡಿದರು. ನಮ್ಮ ದೇಶದಲ್ಲಿ ಗೇಮ್ ಉದ್ಯಮಕ್ಕೆ ಅಡಿಪಾಯ ಹಾಕಿದ ಕಂಪನಿ ಅದು. ಆದರೆ ಅಲ್ಲಿನ ಕಲಾವಿದರ ಬಹುಪಾಲು ದುಡಿಮೆ ಹೋದದ್ದು ಹೊರದೇಶದ ಗೇಮ್‌ಗಳಿಗೆ ಚಿತ್ರ ಬಿಡಿಸಿಕೊಡುವುದಕ್ಕೆ. 2019ರಲ್ಲಿ ಅದನ್ನು ಹೊರದೇಶದ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಕೈಚಳಕ ನಮ್ಮಲ್ಲಿ ಯಾವತ್ತೂ ಕಡಿಮೆಯಿರಲಿಲ್ಲ. ಗೇಮ್‌ಗೆ ದುಡ್ಡು ಕೊಡುವ ಗಿರಾಕಿ ಊರಲ್ಲೇ ಇದ್ದಿದ್ದರೆ ಸ್ವಂತ ಗೇಮ್ ಮಾಡುವ ಧೈರ್ಯ ಇನ್ನಷ್ಟು ಮಂದಿಗೆ ಬರುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಬಿಡುಗಡೆಯ ದಿನವೇ ಟೆಲಿಗ್ರಾಮ್‌ನಲ್ಲಿ ಪ್ರತಿ ಹರಿದಾಡುವುದನ್ನು ಕಾಣುವ ಕನ್ನಡ ಸಿನಿಮಾ ನಿರ್ಮಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ಕದ್ದು ಆಡಿ ಮೆಚ್ಚಿಕೊಂಡ ಸಣ್ಣ ಕಂಪನಿಗಳ ಗೇಮ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತಿಂಗಳಿಗೆ ಒಂದರಂತೆ ದುಡ್ಡು ಕೊಟ್ಟು ಕೊಳ್ಳಿ, ಮತ್ತೆ ಆಡದಿದ್ದರೂ ಪರವಾಗಿಲ್ಲ. ಶುರುಮಾಡುವುದಾದರೆ ‘ಗೇಮ್ ಡೆವ್ ಟೈಕೂನ್’ನಿಂದಲೇ ಶುರುಮಾಡಿ. ಅದು ಈಗಲೂ ಮಾರಾಟದಲ್ಲಿದೆ.

ಇಂತಿ,
ನಿಮ್ಮಂತೆಯೇ ಒಬ್ಬ ಆಟಗಾರ