ಐಡಿಯಾ ನಮ್ದು, ಕೋಡ್ ಅಷ್ಟ ನಿಮ್ದು

ಬಾಗಲಕೋಟೆ ಜಿಲ್ಲೆಯಲ್ಲಿ ಮೊದಲೆಲ್ಲ ಸಕ್ಕರೆ ಕಾರ್ಖಾನೆ ಹಾಕುತ್ತೇನೆ ಎನ್ನುವವರು ಸಿಗುತ್ತಿದ್ದರು. ಈಗ ಸ್ಟಾರ್ಟಪ್ ಹಾಕುತ್ತೇನೆ ಎನ್ನುವವರು ಸಿಗುತ್ತಾರೆ. ಕಾರ್ಖಾನೆಗೆ ಜಮೀನು, ಕಬ್ಬು, ಬ್ಯಾಂಕಿನ ಸಾಲ ಎಲ್ಲ ಬೇಕಿತ್ತು. ಸ್ಟಾರ್ಟಪ್ಪಿಗೆ ಐಡಿಯಾ ಒಂದಿದ್ದರೆ ಆಯಿತು. ಮಿಕ್ಕಿದ್ದನ್ನು ಮಾಡಿಕೊಡಲು ಒಬ್ಬ ಸಾಫ್ಟ್‌ವೇರ್ ಹುಡುಗ ಸಿಕ್ಕರೆ ಸಾಕು. ಆ ಹುಡುಗನ ಬೇಟೆಗೆ ಹೊರಟವನೇ ನಮ್ಮ ಫೌಂಡರ್.

ನವನಗರದ ಖಾನಾವಳಿ, ಮದುವೆ ಊಟದ ಪಂಕ್ತಿ, 1963ರಿಂದ ಎಂಜಿನಿಯರುಗಳನ್ನು ತಯಾರಿಸುತ್ತಿರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನ ಗೇಟು, ಇವು ಅವನ ಬೇಟೆಯ ಜಾಗಗಳು. “ಫೈನಲ್ ಇಯರ್ ಹುಡುಗ್ರು ಪುಕ್ಕಟೆ ಮಾಡ್ತಾರ್ರಿ, ಅವರದೂ ಪ್ರಾಜೆಕ್ಟ್ ಆಗ್ತೈತಿ” ಎನ್ನುತ್ತಾನೆ. ಪರೀಕ್ಷೆ ಮುಗಿದ ಮರುದಿನ ಹುಡುಗರು ಬೆಂಗಳೂರಿನ ರಾತ್ರಿ ಬಸ್ಸು ಹತ್ತುತ್ತಾರೆ, ಪಾಸ್‌ವರ್ಡೂ ಅವರ ಜೊತೆ ಹತ್ತುತ್ತದೆ. ಆಗ ಊರಲ್ಲೇ ಕೂತು ಕೆಲಸ ಮಾಡುವ ನನ್ನಂಥವರ ನೆನಪಾಗುತ್ತದೆ.

ನನ್ನ ಪಾಲಿಗೆ ಬಂದವನು ಇಳಕಲ್ಲಿನ ಸೀರೆ ವ್ಯಾಪಾರಿಯ ಮಗ. ಐಡಿಯಾ ಹೇಳುವ ಮುನ್ನ, ಗುಟ್ಟು ಬಿಡುವುದಿಲ್ಲವೆಂದು ಕರಾರು ಪತ್ರಕ್ಕೆ ಸಹಿ ಮಾಡಿಸಿಕೊಂಡ. ಆಮೇಲೆ ಅತ್ತಿತ್ತ ನೋಡಿ, ಕಿವಿಯ ಹತ್ತಿರ ಬಂದು, “ಸೀರಿ ಆನ್‌ಲೈನ್ ಮಾರೋದ್ರಿ” ಎಂದ.

ರೊಕ್ಕದ ಮಾತು ಎತ್ತಿದೆ. “ರೊಕ್ಕ ಯಾರರ ಕೊಡ್ತಾರ್ರೀ ಸರ್ರ, ನಿಮಗ ಎರಡು ಪರ್ಸೆಂಟ್ ಶೇರು!” ಅದೂ ನಾಲ್ಕು ವರ್ಷದ ಕಂತಿನಲ್ಲಿ, ಮೊದಲ ವರ್ಷ ತುಂಬುವ ಮುಂಚೆ ಬಿಟ್ಟರೆ ಸೊನ್ನೆ. ಅಮೆರಿಕದ ಕಂಪನಿಗಳ ಈ ನಿಯಮವನ್ನು ಅವನು ಚಾಚೂ ತಪ್ಪದೆ ಕಲಿತಿದ್ದ. ಅದರ ಜೊತೆ ಅವರು ಸಂಬಳವನ್ನೂ ಕೊಡುತ್ತಾರೆಂಬ ಪಾಠದ ದಿನ ಗೈರುಹಾಜರಾಗಿದ್ದ. “ಇನ್ಫೋಸಿಸ್ 1981ರಾಗ ಹತ್ತು ಸಾವಿರದಾಗ ಸುರು ಆಗಿತ್ರಿ” ಎಂದು ಬೇರೆ ಹುರಿದುಂಬಿಸಿದ. ನಿಜ. ಆದರೆ ಅಲ್ಲಿ ಏಳು ಮಂದಿ ಇದ್ದರು, ಏಳೂ ಮಂದಿ ಎಂಜಿನಿಯರುಗಳು. ಇಲ್ಲಿ ಆ ಏಳೂ ಮಂದಿ ನಾನೊಬ್ಬನೇ ಆಗಬೇಕಿತ್ತು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ರಾತ್ರಿ ಹನ್ನೊಂದರ ವಾಟ್ಸಾಪ್ ಧ್ವನಿ ಸಂದೇಶ: “ಸರ್ರ, ಸಣ್ಣದೊಂದು ಚೇಂಜ್ ಐತ್ರಿ.” ಸೀರೆಯ ಆ್ಯಪಿನಲ್ಲಿ ನೇಕಾರರಿಗೆ ಸಾಲ ಸಿಗಬೇಕು. ಮರುವಾರ, ಬಾದಾಮಿ ಗುಹೆ ನೋಡಲು ಬಂದವರಿಗೆ ಗೈಡ್ ಸಿಗಬೇಕು. ಅದರ ಮರುವಾರ, ಹುನಗುಂದದ ರೈತನಿಗೆ ಕಡಲೆಯ ದರ ಕಾಣಬೇಕು. ಎಲ್ಲವೂ ಬನಶಂಕರಿ ಜಾತ್ರೆಯೊಳಗೆ ಮುಗಿಯಬೇಕು. ನಾನೂ ಕಡಿಮೆಯವನಲ್ಲ, “ತೊಂಬತ್ತು ಪರ್ಸೆಂಟ್ ಆಗೇತಿ” ಎನ್ನುತ್ತಿದ್ದೆ. ನಮ್ಮ ಜಾತಿಯವರ ಕೊನೆಯ ಹತ್ತು ಪರ್ಸೆಂಟು ಯಾವ ಜಾತ್ರೆಗೂ ಮುಗಿದದ್ದಿಲ್ಲ.

ಒಂದು ದಿನ ಬಟನ್ನಿಗೆ ಬೇಕಾದ ದಾಳಿಂಬೆ ಕೆಂಪು ತೋರಿಸಲು ಅಂಗಡಿಗೇ ಕರೆದೊಯ್ದ. ಗಾದಿಯ ಮೇಲೆ ಅವನ ಅಪ್ಪ ಹೆಣ್ಣಿನ ಕಡೆಯವರಿಂದ ಆರ್ಡರ್ ಬರೆದುಕೊಳ್ಳುತ್ತಿದ್ದರು. ಒಡಲು ಯಾವ ಬಣ್ಣ, ದಡಿ ಚಿಕ್ಕಿಯೋ ಗೋಮಿಯೋ, ಆರು ಗಜವೋ ಒಂಬತ್ತೋ, ಮದುವೆ ಎಂದು. ಎಲ್ಲ ಬರೆದು, ಓದಿ ಹೇಳಿ, ಮುಂಗಡ ಎಣಿಸಿಕೊಂಡು, ಅದರಲ್ಲೇ ಒಂದಿಷ್ಟನ್ನು ಬಾಗಿಲಲ್ಲಿ ನಿಂತ ನೇಕಾರನ ಕೈಗಿಟ್ಟರು.

ನಾನು ಆಸೆಯಿಂದ ಕೇಳಿದೆ: “ಯಜಮಾನ್ರ, ಅರ್ಧ ನೇಯ್ದ ಮ್ಯಾಲ ಅವರು ಸೆರಗಿನ ಬಣ್ಣ ಬ್ಯಾರೆ ಬೇಕಂದ್ರ?”

ಮುದುಕರು ಕನ್ನಡಕದ ಮೇಲಿಂದ ನೋಡಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುವುದೇ ಆ ಊರಿನ ತೋಪು ತೆನಿ ವಿದ್ಯೆ. “ತಮ್ಮಾ, ಕೊಂಡಿ ಹಾಕಿದ ಮ್ಯಾಲ ಬಣ್ಣ ಬ್ಯಾರೆ ಅಂದ್ರ ಅದು ಬ್ಯಾರೆ ಸೀರಿ. ಬ್ಯಾರೆ ರೊಕ್ಕ.”

ನಾನು ಮಗನ ಮುಖ ನೋಡಿದೆ. ಮಗ ಮೊಬೈಲ್ ನೋಡುತ್ತಿದ್ದ.

ಕೆಲಸ ಹೇಳುವುದು, ಕೆಲಸದವನನ್ನು ಉಳಿಸಿಕೊಳ್ಳುವುದು ಅವನ ಮನೆಯಲ್ಲೇ ಇದ್ದ ವಿದ್ಯೆ. ಅದನ್ನು ಬಿಟ್ಟು ಅವನು ಯೂಟ್ಯೂಬಿನಲ್ಲಿ ಕ್ಯಾಲಿಫೋರ್ನಿಯಾದವರ ಭಾಷಣ ಕೇಳುತ್ತಾನೆ. ಆದರೂ ಅವನನ್ನು ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ. ಓದಿದವರೆಲ್ಲ ಚೀಲ ಹೊತ್ತು ಬೆಂಗಳೂರಿನ ಬಸ್ಸು ಕಾಯುವಾಗ, “ಇಲ್ಲೇ ಏನರ ಮಾಡೂಣ್ರೀ” ಎನ್ನುವವನು ಇವನೊಬ್ಬನೇ. ಸರ್ಕಾರದ ‘ಎಲಿವೇಟ್’ ಅನುದಾನಕ್ಕೆ ಅರ್ಜಿ ಹಾಕಿದ್ದಾನೆ, ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ಬಾಗಿಲು ತಟ್ಟಿದ್ದಾನೆ. ನೇಕಾರನಿಗೆ ಎರಡು ಕಾಸು ಹೆಚ್ಚು ಸಿಗಲಿ ಎಂಬ ಅವನ ಆಸೆಯಲ್ಲಿ ಕಪಟವಿಲ್ಲ. ಇಂಥ ಹತ್ತು ಹುಚ್ಚರಲ್ಲಿ ಒಬ್ಬ ಗೆದ್ದರೂ ಆ ಬಸ್ಸಿನಲ್ಲಿ ಒಂದಿಷ್ಟು ಸೀಟು ಖಾಲಿ ಉಳಿದಾವು.

ಮೊನ್ನೆ ಅವನೇ ಫೋನ್ ಮಾಡಿದ. “ಸರ್ರ, ಅಪ್ಪಾರು ತಿಳಿಸಿ ಹೇಳಿದ್ರು. ನಂದ ತಪ್ಪಾತ್ರಿ. ಇನ್ನ ಮ್ಯಾಲ ಮುಂಗಡ ಕೊಟ್ಟ ಕೆಲಸ ಹೇಳ್ತೀನ್ರಿ.”

ನನಗೆ ಗಂಟಲು ಕಟ್ಟಿತು. “ಎಷ್ಟು ಕೊಡ್ತೀರಿ?” ಎಂದೆ.

“ಸದ್ಯಕ್ಕ ಅರ್ಧ ಪರ್ಸೆಂಟ್ ಶೇರು ಮುಂಗಡ ಇಟ್ಕೋರಿ. ಅಂದಂಗ, ಸಣ್ಣದೊಂದು ಚೇಂಜ್ ಐತ್ರಿ…”