ಒಗ್ಗದ ಒಗ್ಗರಣೆ

(ನ್ಯೂಜೆರ್ಸಿಯ ಎಡಿಸನ್. ಭಾನುವಾರ ಬೆಳಿಗ್ಗೆ. ಸಿಂಕ್ ತುಂಬ ಮುಸುರೆ. ಡಿಶ್‌ವಾಷರ್ ತುಂಬ ಖಾಲಿ ಮೊಸರಿನ ಡಬ್ಬಗಳ ದಾಸ್ತಾನು. ಹೊಗೆ ಅಲಾರಂ ಅರಚುತ್ತಿದೆ.)

ಗಂಡ: ಏನೇ ಅದು?

ಹೆಂಡತಿ: ಸಾರಿಗೆ ಒಗ್ಗರಣೆ ಹಾಕಿದೆ. ಈ ಮನೆಗೆ ಒಗ್ಗಲಿಲ್ಲ.

ಗಂಡ: ಊರಲ್ಲೇ ಸುಖ ಕಣೇ. ಕಾಫಿ ಕೂತಲ್ಲಿಗೇ ಬರ್ತಿತ್ತು.

ಹೆಂಡತಿ: ಕಾಫಿಗೆ ಕಾಲಿತ್ತೇನ್ರೀ? ಮಂಡಿನೋವು ಮಾತ್ರ ಅತ್ತೆಗಿತ್ತು.

ಗಂಡ: ಪಾತ್ರೆ ತಾನಾಗೇ ಬೆಳಗಿರ್ತಿತ್ತು.

ಹೆಂಡತಿ: ಹ್ಞೂಂ. ರಂಗಮ್ಮ 100 ರೂಪಾಯಿ ಜಾಸ್ತಿ ಕೇಳಿದಾಗ ‘ಅಂಥಾ ಕೆಲಸ ಏನಿದೆ?’ ಅಂದಿದ್ರಲ್ಲ, ಅದೇ ಪಾತ್ರೆ.

ಮಗ: ಅಪ್ಪಾ, ಅಜ್ಜಿ ವಿಡಿಯೊ ಕಾಲ್!

ಗಂಡ: ಅಮ್ಮಾ, ಇಲ್ಲಿ ಯಾವುದಕ್ಕೂ ಕಮ್ಮಿಯಿಲ್ಲ. 6 ತಿಂಗಳು ಬಂದು ಆರಾಮಾಗಿರು!

ಅಜ್ಜಿ: ಬರ್ತೀನಪ್ಪಾ. ಮೊದಲು ಫೋನು ಆ ಸಿಂಕಿನ ಕಡೆಯಿಂದ ತಿರುಗಿಸಿಕೊಂಡು ಕರಿ.